ಹಾವೇರಿ, ಗದಗ, ಹುಬ್ಬಳ್ಳಿ-ಧಾರವಾಡ: ಯಾವ ಐಸಿಯುಗೆ ಒಯ್ಯಬೇಕು?

ಮನೆಯಲ್ಲಿ ಯಾರಿಗಾದರೂ ಸೀರಿಯಸ್ ಆದರೆ ನಮ್ಮ ಕಡೆ ಎಲ್ಲರೂ ಫೋನ್ ಹಚ್ಚಿ ಮೊದಲು ಕೇಳುವುದು, "ನಿಮ್ಮಲ್ಲೆ ಐಸಿಯು ಬೆಡ್ ಖಾಲಿ ಐತೇನ್ರಿ?" ಐತಿ ಅಂದ ಕೂಡಲೇ ಗಾಡಿ ಹೊರಡುತ್ತದೆ. "ರಾತ್ರಿ ಎರಡಕ್ಕ ಆ ಬೆಡ್ ಬಾಜೂಕ ಯಾರಿರ್ತಾರ್ರಿ?" ಎಂದು ಕೇಳುವವರು ತೀರಾ ಕಡಿಮೆ. ನಾನು ಐಸಿಯು ನರ್ಸ್, ರಾತ್ರಿ ಪಾಳಿಗಳಲ್ಲೇ ಈ ಕೆಲಸ ಕಲಿತವಳು. ಒಂದು ಐಸಿಯುಗೂ ಇನ್ನೊಂದಕ್ಕೂ ಇರುವ ದೊಡ್ಡ ಅಂತರ ಗೊತ್ತಾಗುವುದು ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಎಂದು ನಾನು ನಂಬುತ್ತೇನೆ. ವೆಂಟಿಲೇಟರ್ ಕೊಳ್ಳಲು ದುಡ್ಡಿದ್ದರೆ ಸಾಕು. ಅದರ ಮುಂದೆ ಎಚ್ಚರವಾಗಿ ನಿಲ್ಲುವ, ಕೆಲಸ ಬಲ್ಲ ಮನುಷ್ಯರನ್ನು ಹೊಂದಿಸಲು ವರ್ಷಗಳು ಬೇಕು.

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಮನೆಯವರು ಆಯ್ಕೆ ಮಾಡುವಾಗ ಏನೇನು ತೂಗಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಆರಾಮ ಇದ್ದಾಗಲೇ ಓದಿಟ್ಟುಕೊಳ್ಳಿ. ಆ ಹೊತ್ತು ಬಂದಾಗ ಓದಲು ಪುರುಸೊತ್ತು ಇರುವುದಿಲ್ಲ.

ದೇಶದ ಲೆಕ್ಕ, ನಮ್ಮ ಜಿಲ್ಲೆಯ ಲೆಕ್ಕ

2020ರಲ್ಲಿ ಕೋವಿಡ್ ಬಂದಾಗ ಸಿಡಿಡಿಇಪಿ ಎಂಬ ಸಂಶೋಧನಾ ಸಂಸ್ಥೆ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಸೇರಿ ಒಂದು ಅಂದಾಜು ಹಾಕಿದರು. ಭಾರತದಲ್ಲಿ ಸುಮಾರು 19 ಲಕ್ಷ ಆಸ್ಪತ್ರೆ ಹಾಸಿಗೆ, 95 ಸಾವಿರ ಐಸಿಯು ಹಾಸಿಗೆ, 48 ಸಾವಿರ ವೆಂಟಿಲೇಟರ್ ಇವೆ ಎಂದರು. ಆಗ ಎಲ್ಲ ಪತ್ರಿಕೆಗಳಲ್ಲೂ ಈ ಅಂಕಿ ಬಂತು, ಈಗಲೂ ಬರುತ್ತಿರುತ್ತದೆ. ಆದರೆ ಅದು ಒಂದೊಂದೇ ಐಸಿಯುಗೆ ಹೋಗಿ ಎಣಿಸಿದ್ದಲ್ಲ. ಒಟ್ಟು ಹಾಸಿಗೆಗಳಲ್ಲಿ ಶೇ 5 ಐಸಿಯು, ಆ ಐಸಿಯು ಹಾಸಿಗೆಗಳಲ್ಲಿ ಅರ್ಧಕ್ಕೆ ವೆಂಟಿಲೇಟರ್ ಎಂದು ಹಿಡಿದು ಮಾಡಿದ ಲೆಕ್ಕ. ಅದರಲ್ಲಿ ಸುಮಾರು 59 ಸಾವಿರ ಐಸಿಯು ಹಾಸಿಗೆ ಖಾಸಗಿಯವರದು, ಸುಮಾರು 36 ಸಾವಿರ ಸರ್ಕಾರದ್ದು.

ಆ ಲೆಕ್ಕವನ್ನೇ ಹಿಡಿದರೂ ದೇಶದಲ್ಲಿ ಒಂದು ಲಕ್ಷ ಜನಕ್ಕೆ ಸುಮಾರು 7 ಐಸಿಯು ಹಾಸಿಗೆ ಬರುತ್ತವೆ. ಜರ್ಮನಿಯಲ್ಲಿ ಒಂದು ಲಕ್ಷಕ್ಕೆ 30ಕ್ಕಿಂತ ಹೆಚ್ಚು. ಕರ್ನಾಟಕ ದೇಶದ ಹಾಸಿಗೆಗಳಲ್ಲಿ ಶೇ 13.8 ಪಾಲು ಪಡೆದು ಉತ್ತರ ಪ್ರದೇಶದ ನಂತರ ಎರಡನೆಯ ಸ್ಥಾನದಲ್ಲಿತ್ತು. ಅಂದರೆ ಸುಮಾರು 13 ಸಾವಿರ ಐಸಿಯು ಹಾಸಿಗೆ. 2011ರ ಜನಗಣತಿಯ 6.11 ಕೋಟಿ ಜನರಿಗೆ ಹಂಚಿದರೆ ಲಕ್ಷಕ್ಕೆ 21. ಕೇಳಲು ಚಂದ ಇದೆ. ಇದೇ ಪ್ರಮಾಣದಲ್ಲಿ ಸುಮಾರು 16 ಲಕ್ಷ ಜನರಿರುವ ಹಾವೇರಿ ಜಿಲ್ಲೆಗೆ 300ರ ಮೇಲೆ, 10.6 ಲಕ್ಷದ ಗದಗಕ್ಕೆ 200ರ ಮೇಲೆ ಐಸಿಯು ಹಾಸಿಗೆ ಸಿಗಬೇಕಿತ್ತು. ಹಾನಗಲ್ಲಿನಿಂದಲೋ ಶಿರಹಟ್ಟಿಯಿಂದಲೋ ರೋಗಿಯನ್ನು ಮಲಗಿಸಿಕೊಂಡು ಹುಬ್ಬಳ್ಳಿ ದಾರಿ ಹಿಡಿದವರಿಗೆ ಆ ಹಾಸಿಗೆಗಳು ಎಲ್ಲಿ ಗುಡ್ಡೆಯಾಗಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು ಮೊದಲು, ಆಮೇಲೆ ಮೆಡಿಕಲ್ ಕಾಲೇಜು ಇರುವ ಊರುಗಳು.

ಕೋವಿಡ್ ಕಾಲದಲ್ಲಿ ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿಗೆ 50 ಸಾವಿರ ವೆಂಟಿಲೇಟರ್ ಕೊಳ್ಳಲು ತೀರ್ಮಾನವಾಯಿತು, ಸಣ್ಣ ಊರುಗಳಿಗೂ ಮಷಿನ್ ಬಂದವು. ನಡೆಸುವ ಸಿಬ್ಬಂದಿ ಇಲ್ಲದೆ ಅವು ಮೂಲೆಯಲ್ಲಿ ಕೂತ ಸುದ್ದಿ ದೇಶದ ಹಲವು ಕಡೆಯಿಂದ ಬಂತು. ಹಾಗಾಗಿ "ನಮ್ಮಲ್ಲಿ ಇಷ್ಟು ವೆಂಟಿಲೇಟರ್ ಇವೆ" ಎಂದು ಯಾರಾದರೂ ಹೇಳಿದರೆ ಅದನ್ನು ಅರ್ಧ ಉತ್ತರ ಎಂದೇ ತಿಳಿಯಿರಿ.

ಐಸಿಯುಗಳಲ್ಲಿ ಮೂರು ಮಟ್ಟ

ಭಾರತದ ತೀವ್ರ ನಿಗಾ ವೈದ್ಯರ ಸಂಘ ಐಎಸ್‌ಸಿಸಿಎಂ ಶುರುವಾದದ್ದು 1993ರಲ್ಲಿ. ಅವರು ಐಸಿಯುಗಳನ್ನು ಮೂರು ಮಟ್ಟಕ್ಕೆ ಬಿಡಿಸುತ್ತಾರೆ. ಮೊದಲನೆಯದು ಸಣ್ಣ ಆಸ್ಪತ್ರೆಯದು: ಕೆಲವೇ ಹಾಸಿಗೆ, ರೋಗಿಯನ್ನು ಸ್ಥಿರಪಡಿಸಿ, ಬೇಕಾದರೆ ಒಂದೆರಡು ದಿನ ವೆಂಟಿಲೇಟರ್ ಮೇಲೆ ಹಿಡಿದು, ದೊಡ್ಡ ಕಡೆಗೆ ಕಳಿಸುವ ಸಾಮರ್ಥ್ಯ. ಎರಡನೆಯದರಲ್ಲಿ ದೀರ್ಘಕಾಲ ವೆಂಟಿಲೇಟರ್ ನಡೆಸಬಹುದು, ತರಬೇತಿ ಪಡೆದ ಮುಖ್ಯಸ್ಥರಿರುತ್ತಾರೆ, ರಕ್ತದ ಅನಿಲ ಪರೀಕ್ಷೆ ಅಂದರೆ ಎಬಿಜಿ ಹಗಲು ರಾತ್ರಿ ಸಿಗುತ್ತದೆ. ಮೂರನೆಯದು ಡಯಾಲಿಸಿಸ್, ನ್ಯೂರೋ ಸರ್ಜರಿ, ಹೃದಯ ವಿಭಾಗ ಎಲ್ಲ ಒಂದೇ ಸೂರಿನಡಿ ಇರುವಂಥದು.

ಮೊದಲ ಮಟ್ಟ ಅಂದರೆ ಕೀಳು ಎಂದಲ್ಲ. ತನ್ನ ಮಟ್ಟ ತಾನು ಬಲ್ಲ ಸಣ್ಣ ಐಸಿಯು ಸಾವಿರಾರು ಜೀವ ಉಳಿಸುತ್ತದೆ. ಅಪಾಯ ಇರುವುದು ಮೊದಲ ಮಟ್ಟದ ಸೌಕರ್ಯ ಇಟ್ಟುಕೊಂಡು ಮೂರನೆಯ ಮಟ್ಟದ ರೋಗಿಯನ್ನು ನಾಲ್ಕೈದು ದಿನ ಹಿಡಿದಿಟ್ಟುಕೊಳ್ಳುವ ಕಡೆ. "ಇಂಥಾ ಪೇಷಂಟ್ ಇಲ್ಲೇ ಎಷ್ಟ ದಿನಾ ಇಟ್ಕೊಳ್ಳಾಕ ಆಗ್ತೈತ್ರಿ ಸರ? ಯಾವಾಗ ಮುಂದ ಕಳಸ್ತೀರಿ?" ಎಂದು ಮೊದಲ ದಿನವೇ ಕೇಳಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. "ಕಿಡ್ನಿ ಕೆಟ್ಟರೆ ಕಳಿಸುತ್ತೇವೆ, ಇಳಿದ ಬಿಪಿ ಎತ್ತಲು ಎರಡನೆಯ ಔಷಧಿ ಹಚ್ಚಬೇಕಾದರೆ ಕಳಿಸುತ್ತೇವೆ" ಎಂದು ಗೆರೆ ಎಳೆದು ಹೇಳುತ್ತಾರೆ.

ನಡೆಸುವವರು ಯಾರು

ಇದು ಹೊರಗಿನಿಂದ ಕಾಣದ ಸಂಗತಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಲವು ಐಸಿಯುಗಳಲ್ಲಿ ಪ್ರತಿ ರೋಗಿಯೂ ತನ್ನನ್ನು ಭರ್ತಿ ಮಾಡಿಸಿಕೊಂಡ ಡಾಕ್ಟರ ಕೈಯಲ್ಲೇ ಇರುತ್ತಾನೆ. ಆ ಡಾಕ್ಟರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡುತ್ತಾರೆ. ನಡುವೆ ಹೆಚ್ಚುಕಡಿಮೆಯಾದರೆ ಡ್ಯೂಟಿ ಡಾಕ್ಟರು ಫೋನ್ ಮಾಡಿ ಕೇಳಬೇಕು. ಇದಕ್ಕೆ ಓಪನ್ ಐಸಿಯು ಎನ್ನುತ್ತಾರೆ. ನಮ್ಮ ಕಡೆಯ ನರ್ಸಿಂಗ್ ಹೋಮುಗಳಲ್ಲಿ ಹೆಚ್ಚಿನವು ಹೀಗೇ. ಇನ್ನು ಕೆಲವು ಕಡೆ ಒಳಗೆ ಬಂದ ರೋಗಿಯ ಪೂರ್ತಿ ಜವಾಬ್ದಾರಿ ಐಸಿಯು ತಜ್ಞರದು, ಅಂದರೆ ಇಂಟೆನ್ಸಿವಿಸ್ಟ್ ತಂಡದ್ದು. ಹೃದಯದವರು, ಕಿಡ್ನಿಯವರು ಬಂದು ಸಲಹೆ ಕೊಡುತ್ತಾರೆ, ಕೊನೆಯ ಮಾತು ತಂಡದ್ದು. ಇದು ಕ್ಲೋಸ್ಡ್ ಐಸಿಯು. ಎರಡರ ನಡುವಿನದೂ ಉಂಟು: ಭರ್ತಿ ಮಾಡಿದ ಡಾಕ್ಟರು ಮತ್ತು ಐಸಿಯು ತಜ್ಞರು ಕೂಡಿ ನೋಡುತ್ತಾರೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಈ ನಡುವಿನ ಬಗೆಯೇ ಹೆಚ್ಚು.

ಒಂದೇ ಅಂಗ ಕೆಟ್ಟ ರೋಗಿಗೆ ಓಪನ್ ಐಸಿಯುವಿನಲ್ಲಿ ಒಳ್ಳೆಯ ಫಿಸಿಶಿಯನ್ ಸಾಕು. ಸೋಂಕು ರಕ್ತಕ್ಕೇರಿ ಬಿಪಿ ಇಳಿದು, ಕಿಡ್ನಿ ಕೈಕೊಟ್ಟು, ಉಸಿರು ಸೋತವರಿಗೆ ನಾನಾದರೆ ತಜ್ಞರ ತಂಡ ಇರುವ ಐಸಿಯುವನ್ನೇ ಹುಡುಕುತ್ತೇನೆ. ಮೂರು ಡಾಕ್ಟರು ಮೂರು ಹೊತ್ತಿಗೆ ಬಂದು ಮೂರು ಬಗೆಯ ಔಷಧಿ ಬರೆದು ಹೋದಾಗ, ಅವುಗಳನ್ನು ಹೊಂದಿಸಿ ನೋಡುವ ಒಬ್ಬರು ಅಲ್ಲಿ ಇರಲೇಬೇಕು.

ಬೋರ್ಡಿನ ಮೇಲೆ ಡಿಗ್ರಿ ಓದಿಕೊಳ್ಳಿ. ಕ್ರಿಟಿಕಲ್ ಕೇರ್‌ನಲ್ಲಿ ಡಿಎಂ, ಡಿಆರ್‌ಎನ್‌ಬಿ, ಹಳೆಯ ಎಫ್‌ಎನ್‌ಬಿ ಅಥವಾ ಐಎಸ್‌ಸಿಸಿಎಂ ಕೊಡುವ ಐಡಿಸಿಸಿಎಂ ಇದ್ದರೆ ಆ ಡಾಕ್ಟರು ಐಸಿಯು ಕೆಲಸವನ್ನೇ ಕಲಿತವರು. ಅರಿವಳಿಕೆ ಅಥವಾ ಜನರಲ್ ಮೆಡಿಸಿನ್ ಎಂಡಿ ಆದವರು ವರ್ಷಗಟ್ಟಲೆ ಐಸಿಯು ನಡೆಸಿ ಪಳಗಿರುವುದೂ ಉಂಟು. ಅಂಥವರ ಕೈಗುಣ ನಾನು ಕಣ್ಣಾರೆ ನೋಡಿದ್ದೇನೆ. ಹಗಲಿನ ಹೆಸರು ಎಷ್ಟೇ ದೊಡ್ಡದಿರಲಿ, ರಾತ್ರಿ ಡ್ಯೂಟಿಯ ಡಾಕ್ಟರಿಗೆ ಉಸಿರಿನ ನಳಿಕೆ ಹಾಕಲು ಬರುತ್ತದೆಯೇ, ಎಂಬಿಬಿಎಸ್ ಆದವರೇ, ಆ ಹೊತ್ತಿನಲ್ಲಿ ಐಸಿಯು ಬಿಟ್ಟು ವಾರ್ಡು, ಕ್ಯಾಶುವಾಲ್ಟಿಯನ್ನೂ ಅವರೇ ನೋಡುತ್ತಾರೆಯೇ? ಇದನ್ನು ಕೇಳಲೇಬೇಕು.

ನರ್ಸುಗಳ ಮಾತು ಇನ್ನೂ ಮುಖ್ಯ. ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೆ ಒಬ್ಬ ನರ್ಸ್, ಉಳಿದ ಐಸಿಯು ರೋಗಿಗಳಲ್ಲಿ ಇಬ್ಬರಿಗೆ ಅಥವಾ ಹೆಚ್ಚೆಂದರೆ ಮೂವರಿಗೆ ಒಬ್ಬರು ಇರಬೇಕು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ವೆಂಟಿಲೇಟರ್ ರೋಗಿಗೆ ಒಬ್ಬರು ಎಂಬುದು ಸಾಮಾನ್ಯ ನಿಯಮ. ನಮ್ಮಲ್ಲಿ ರಾತ್ರಿ ಒಬ್ಬ ನರ್ಸ್ ನಾಲ್ಕೈದು ಹಾಸಿಗೆ ನೋಡುವ ಐಸಿಯು ಬೇಕಾದಷ್ಟಿವೆ. ಕಫ ತೆಗೆಯುವುದು, ಮಗ್ಗಲು ಬದಲಿಸುವುದು, ಸಿರಿಂಜ್ ಪಂಪಿನಲ್ಲಿ ಬಿಪಿ ಎತ್ತಿ ಹಿಡಿಯುವ ಔಷಧಿ ಖಾಲಿಯಾಗುವ ಮೊದಲೇ ಮುಂದಿನದನ್ನು ತುಂಬಿಡುವುದು, ಇವೆಲ್ಲ ನರ್ಸ್ ಕೈಯ ಕೆಲಸ. ಆ ಪಂಪು ಎರಡು ನಿಮಿಷ ನಿಂತರೆ ಬಿಪಿ ಕುಸಿಯುತ್ತದೆ. "ಸಿಸ್ಟರ್, ಒಬ್ಬರಿಗೆ ಎಷ್ಟ ಪೇಷಂಟ್ ಬರ್ತಾರ್ರಿ ನಿಮಗ?" ಎಂದು ನಮ್ಮನ್ನೇ ಕೇಳಿ. ಆಡಳಿತದವರಿಗಿಂತ ನಾವು ಸರಿಯಾಗಿ ಹೇಳುತ್ತೇವೆ.

ಭೇಟಿಯ ವೇಳೆಯಲ್ಲಿ ನಿಂತಲ್ಲೇ ಕೆಲವನ್ನು ಗಮನಿಸಬಹುದು. ಮಾನಿಟರ್ ಕೂಗಿದರೆ ಎಷ್ಟು ಹೊತ್ತಿಗೆ ಯಾರಾದರೂ ಬರುತ್ತಾರೆ? ವೆಂಟಿಲೇಟರ್ ರೋಗಿಯ ತಲೆಯ ಕಡೆಯ ಮಂಚ ಸುಮಾರು 30 ಡಿಗ್ರಿಯಷ್ಟು ಎತ್ತಿದೆಯೇ? ಹಾಗೆ ಎತ್ತಿಟ್ಟರೆ ನ್ಯುಮೋನಿಯಾ ತಗಲುವ ಅಪಾಯ ಕಡಿಮೆ. ಪ್ರತಿ ಹಾಸಿಗೆಯ ಕಾಲ ಬಳಿ ಕೈಗೆ ಹಚ್ಚುವ ಸ್ಯಾನಿಟೈಸರ್ ಇದೆಯೇ, ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಬಳಿ ಹೋಗುವಾಗ ಅದನ್ನು ಬಳಸುತ್ತಾರೆಯೇ? ಒಂದು ಹಾಸಿಗೆಗೆ 100ರಿಂದ 125 ಚದರ ಅಡಿ ಜಾಗ ಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಎರಡು ಮಂಚದ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಜಾಗವಿದ್ದರೆ ಸೋಂಕು ದಾಟಲು ತಡವಾಗದು.

ನಮ್ಮ ಮೂರು ಜಿಲ್ಲೆಯ ಆಯ್ಕೆಗಳು

ತಾಲ್ಲೂಕು ಆಸ್ಪತ್ರೆಗಳನ್ನು ಜನ ಪೂರ್ತಿ ಬಿಟ್ಟೇಬಿಡುತ್ತಾರೆ, ಅದು ಸರಿಯಲ್ಲ. ಆಕ್ಸಿಜನ್, ಹಾವಿನ ವಿಷ ಇಳಿಸುವ ಮದ್ದು ಎಎಸ್‌ವಿ, ಹೃದಯಾಘಾತಕ್ಕೆ ಇಂಜೆಕ್ಷನ್, ಉಸಿರಿನ ನಳಿಕೆ ಇವಿಷ್ಟೂ ಸಿಕ್ಕರೆ ಮೊದಲ ಒಂದು ಗಂಟೆ ಹಾಳಾಗದೆ ಅಲ್ಲೇ ಉಳಿಯುತ್ತದೆ. 2021ರಲ್ಲಿ ಶುರುವಾದ 10 ಬೆಡ್ ಐಸಿಯು ಯೋಜನೆಯಲ್ಲಿ ಕರ್ನಾಟಕವೂ ಸೇರಿತು. ಸಣ್ಣ ಸರ್ಕಾರಿ ಆಸ್ಪತ್ರೆಯ ಐಸಿಯುವನ್ನು ದೂರದ ತಜ್ಞರಿಗೆ ಕ್ಯಾಮೆರಾ ಮೂಲಕ ಜೋಡಿಸುವ ಕೆಲಸ ಅದು. ಪಕ್ಕದಲ್ಲಿ ಕೈ ಓಡಿಸುವ ಡಾಕ್ಟರು, ನರ್ಸ್ ಇದ್ದರೆ ಮಾತ್ರ ಆ ಕ್ಯಾಮೆರಾಕ್ಕೆ ಬೆಲೆ.

ಸರ್ಕಾರಿ ಮೆಡಿಕಲ್ ಕಾಲೇಜುಗಳ ಪೈಕಿ ಹುಬ್ಬಳ್ಳಿಯದು ಹಿರಿಯದು. 1957ರಲ್ಲಿ ಶುರುವಾದ ಕಾಲೇಜು, ನಾವೆಲ್ಲ ಕಿಮ್ಸ್ ಎಂದೇ ಕರೆಯುವುದು, ಈಗ ಹೆಸರು ಕೆಎಂಸಿಆರ್‌ಐ ಆಗಿದೆ. ಗದಗದ ಜಿಮ್ಸ್ 2015ರದು, ಹಾವೇರಿಯದು 2022ರದು. ಧಾರವಾಡದ ಸತ್ತೂರಿನ ಎಸ್‌ಡಿಎಂ ಖಾಸಗಿ ಮೆಡಿಕಲ್ ಕಾಲೇಜು, 2003ರಿಂದ ಇದೆ. ಕಾಲೇಜು ಆಸ್ಪತ್ರೆಯ ದೊಡ್ಡ ಬಲ ಎಂದರೆ ಪಿಜಿ ಓದುವ ಡಾಕ್ಟರು. ಮೆಡಿಸಿನ್, ಅರಿವಳಿಕೆ, ಸರ್ಜರಿಯ ಪಿಜಿಗಳು ರಾತ್ರಿಯೆಲ್ಲ ಕಟ್ಟಡದೊಳಗೇ ಇರುತ್ತಾರೆ. ಎರಡು ಗಂಟೆಗೆ ನಳಿಕೆ ಹಾಕಬೇಕಾದರೆ ಮನೆಯಿಂದ ಯಾರನ್ನೂ ಎಬ್ಬಿಸಿ ಕರೆಸಬೇಕಾಗಿಲ್ಲ. ಬ್ಲಡ್ ಬ್ಯಾಂಕ್, ಡಯಾಲಿಸಿಸ್, ಸಿಟಿ ಸ್ಕ್ಯಾನ್ ಒಂದೇ ಆವರಣದಲ್ಲಿ. ಕಾಲೇಜು ಹೊಸದಾದಷ್ಟೂ ಪಿಜಿಗಳು ಕಡಿಮೆ, ಸೂಪರ್ ಸ್ಪೆಷಾಲಿಟಿ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊರತೆ ಎಲ್ಲಿದೆ ಅಂದರೆ ಸರ್ಕಾರಿ ಕಾಲೇಜು ಆಸ್ಪತ್ರೆಯಲ್ಲಿ ಗದ್ದಲ ಹೆಚ್ಚು, ನರ್ಸುಗಳು ಕಡಿಮೆ, ಬೆಡ್ ಸಿಗುವುದು ಖಾತ್ರಿಯಿಲ್ಲ. ಐಸಿಯುಗಳೂ ವಿಭಾಗದ ಲೆಕ್ಕದಲ್ಲಿ ಹಂಚಿರುತ್ತವೆ: ಮೆಡಿಸಿನ್ನಿನದು, ಸರ್ಜರಿಯದು, ಮಕ್ಕಳದು, ಹೃದಯದ್ದು. ಬೆಡ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ನಿಮ್ಮ ರೋಗಿಗೆ ಬೇಕಾದ ವಿಭಾಗದ ಐಸಿಯುವಿನಲ್ಲಿ ಇದೆಯೇ ಎಂದು ಕೇಳಬೇಕು. ಬೆಡ್ ಸಿಗುವ ತನಕ ಕ್ಯಾಶುವಾಲ್ಟಿಯಲ್ಲಿ ಕಾಯುವಾಗಲೂ ಬಿಪಿ, ನಾಡಿ, ಉಸಿರಾಟ, ಆಕ್ಸಿಜನ್ ಪ್ರಮಾಣ, ಮೂತ್ರದ ಪ್ರಮಾಣ, ಪ್ರಜ್ಞೆ ಇವುಗಳನ್ನು ಗಮನಿಸುತ್ತಲೇ ಇರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಐಸಿಯು ಮಾರ್ಗಸೂಚಿ ಹೇಳುತ್ತದೆ. 24 ತಜ್ಞರು ಸೇರಿ ಸಿದ್ಧಪಡಿಸಿದ ಆ ಮಾರ್ಗಸೂಚಿ 2024ರ ಆರಂಭದಲ್ಲಿ ಎಲ್ಲರಿಗೂ ತಿಳಿದುಬಂತು. ಹಾಳೆಯ ಮೇಲೆ ಗಂಟೆಗೊಮ್ಮೆ ಬರೆಯುತ್ತಿದ್ದಾರೋ ಇಲ್ಲವೋ, ನೀವು ಬಾಯಿ ಬಿಟ್ಟು ಕೇಳಬಹುದು.

ಹುಬ್ಬಳ್ಳಿ, ಧಾರವಾಡದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ನಿರ್ಧಾರ ಬೇಗ, ಪರೀಕ್ಷೆಯ ಫಲಿತಾಂಶ ಬೇಗ, ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ರಾತ್ರಿಯೂ ತೆರೆಯುವ ಕಡೆಗಳಿವೆ. ಖರ್ಚಿನ ಮಾತು ಮುಂದೆ ಬರುತ್ತದೆ. ನರ್ಸಿಂಗ್ ಹೋಮಿನ ನಾಲ್ಕಾರು ಹಾಸಿಗೆಯ ಐಸಿಯು ಪೂರ್ತಿ ಅಲ್ಲಿಯ ಡಾಕ್ಟರ ಮೇಲೆ ನಿಂತದ್ದು. ಊರಿಗೆ ಪರಿಚಯದವರು, ಕರೆದರೆ ಹತ್ತು ನಿಮಿಷದಲ್ಲಿ ಬರುತ್ತಾರೆ, ಅದು ಸಣ್ಣ ಮಾತಲ್ಲ. ಅವರು ಮದುವೆಗೆಂದು ಊರು ಬಿಟ್ಟ ದಿನ ಯಾರು ನೋಡುತ್ತಾರೆ ಎಂಬುದು ಮಾತ್ರ ತಿಳಿದಿರಲಿ.

ರಾಣೆಬೆನ್ನೂರು ಕಡೆಯವರಿಗೆ ಹುಬ್ಬಳ್ಳಿಗಿಂತ ದಾವಣಗೆರೆ ಹತ್ತಿರ, ಅಲ್ಲಿಯೂ ಮೆಡಿಕಲ್ ಕಾಲೇಜುಗಳಿವೆ. ನಮ್ಮ ಜಿಲ್ಲೆ, ಪಕ್ಕದ ಜಿಲ್ಲೆ ಎಂಬ ಲೆಕ್ಕ ಆ ಹೊತ್ತಿಗೆ ಬೇಡ.

ರೋಗಕ್ಕೆ ತಕ್ಕ ಜಾಗ

ನಮ್ಮ ಬಯಲುಸೀಮೆಯ ಐಸಿಯುಗಳಿಗೆ ಹೆಚ್ಚಾಗಿ ಬರುವ ಎರಡು ಪ್ರಕರಣ ಬೇರೆ ಕಡೆಯ ಪಟ್ಟಿಗಳಲ್ಲಿ ಮೇಲೆ ಕಾಣುವುದಿಲ್ಲ: ಬೆಳೆಗೆ ಹೊಡೆಯುವ ಎಣ್ಣಿ ಮೈಗೋ ಹೊಟ್ಟೆಗೋ ಸೇರಿದವರು, ಹಾವು ಮುಟ್ಟಿದವರು. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ಇದು. ಹೊಲದಲ್ಲೇ ಮಲಗುವ, ಕತ್ತಲಲ್ಲಿ ನೀರು ಹಾಯಿಸುವ ಜನ.

ಆರ್ಗನೋಫಾಸ್ಫರಸ್ ಜಾತಿಯ ಎಣ್ಣಿಗೆ ಅಟ್ರೋಪಿನ್ ಕೊಟ್ಟ ಮೇಲೆ ಮೊದಲ ದಿನ ರೋಗಿ ಸುಧಾರಿಸಿದಂತೆ ಕಾಣುತ್ತಾನೆ. ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದೆ, ಉಸಿರಿನ ಸ್ನಾಯು ಸೋತು ವೆಂಟಿಲೇಟರ್ ಬೇಕಾಗುವ ಹಂತ ಬರಬಹುದು. ವಾರ, ಕೆಲವೊಮ್ಮೆ ಎರಡು ವಾರ ಮಷಿನ್ ಮೇಲೆ ಇರಬೇಕಾದೀತು. ಹೀಗಾಗಿ ಇಂಥ ರೋಗಿಗೆ ಒಂದೇ ವೆಂಟಿಲೇಟರ್ ಇರುವ ಸಣ್ಣ ಜಾಗ ನನಗೆ ಒಪ್ಪಿಗೆಯಿಲ್ಲ. ಎರಡನೆಯ ದಿನ "ಆರಾಮ ಆಗ್ಯಾನ, ಮನಿಗೆ ಒಯ್ತೀವ್ರಿ" ಎನ್ನಬೇಡಿ. ಕಳೆ ಕೊಲ್ಲುವ ಪ್ಯಾರಾಕ್ವಾಟ್ ಆದರೆ ದಾರಿಯೇ ಬೇರೆ, ಅದು ಕಿಡ್ನಿ ಮತ್ತು ಶ್ವಾಸಕೋಶ ಹಿಡಿಯುತ್ತದೆ, ಅದಕ್ಕೆ ಮದ್ದಿಲ್ಲ, ಬೇಡದ ಆಕ್ಸಿಜನ್ ಕೂಡ ಕೇಡು ಮಾಡುತ್ತದೆ. ಡಾಕ್ಟರಿಗೆ ಯಾವುದೆಂದು ತಿಳಿಯಬೇಕಾದರೆ ಡಬ್ಬಿಯನ್ನು ತಪ್ಪದೆ ಜೊತೆಗೆ ತನ್ನಿ. ತಾನಾಗಿ ಕುಡಿದವರಾದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. ಮೈ ಸುಧಾರಿಸಿದ ಮೇಲೆ ಮನೋವೈದ್ಯರ ಭೇಟಿ ಆಗದೆ ಡಿಸ್ಚಾರ್ಜ್ ಮಾಡಿಸಬೇಡಿ. ಮೆಡಿಕಲ್ ಕಾಲೇಜುಗಳಲ್ಲಿ ಆ ವಿಭಾಗ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ.

ಹಾವಿನ ವಿಷಕ್ಕೆ ಮೊದಲು ಎಎಸ್‌ವಿ ಇರುವ ಅತಿ ಹತ್ತಿರದ ಆಸ್ಪತ್ರೆ, ಹುಬ್ಬಳ್ಳಿ ಆಮೇಲೆ. ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಬಿಟ್ಟು ಹೆಪ್ಪುಗಟ್ಟಿದೆಯೇ ನೋಡುವ ಪರೀಕ್ಷೆಯನ್ನು ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ಕಟ್ಟುಹಾವಿನ ಕಡಿತದಲ್ಲಿ ನೋವೇ ಇರುವುದಿಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಉಸಿರು ಸೋಲುತ್ತದೆ. ಇವರಿಗೆ ಬೇಕಾದದ್ದು ಕೆಲವು ದಿನದ ವೆಂಟಿಲೇಟರ್ ಮತ್ತು ಕಣ್ಣಿಟ್ಟು ನೋಡುವ ನರ್ಸ್. ಅಷ್ಟು ಸಿಕ್ಕರೆ ಪೂರ್ತಿ ಗುಣವಾಗಿ ನಡೆದುಕೊಂಡು ಮನೆಗೆ ಹೋಗುತ್ತಾರೆ. ಮಂಡಲದ ಹಾವಾದರೆ ರಕ್ತಸ್ರಾವ, ಕಿಡ್ನಿ ತೊಂದರೆ, ಆದ್ದರಿಂದ ಡಯಾಲಿಸಿಸ್ ಮತ್ತು ರಕ್ತ ಸಿಗುವ ಕಡೆ ಮುಂದೆ ಕಳಿಸಬೇಕು. ಎಷ್ಟು ಗಂಟೆಗೆ ಎಷ್ಟು ವಯಲ್ ಎಎಸ್‌ವಿ ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಹೃದಯಾಘಾತಕ್ಕೆ ಮೊದಲ ಕೆಲಸ ಇಸಿಜಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಇಸಿಜಿಯಲ್ಲಿ ದೊಡ್ಡ ಹೃದಯಾಘಾತ ಕಂಡಿದ್ದು, ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬಿನಲ್ಲಿ ರಕ್ತನಾಳ ತೆರೆಸಲು ಆಗದಿದ್ದರೆ, ಆ ಇಂಜೆಕ್ಷನ್ ಅಲ್ಲೇ ಕೊಡಿಸಿ ಆಮೇಲೆ 24 ಗಂಟೆಯೊಳಗೆ ಆಂಜಿಯೋಗ್ರಾಂಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಒಯ್ಯುವುದು ಸರಿಯಾದ ಕ್ರಮ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಗಾಡಿ ಹುಡುಕುವುದು, ಇಳಿಸುವುದು, ಲ್ಯಾಬ್ ತಂಡ ಬಂದು ಸೇರುವುದು ಎಲ್ಲ ಸೇರಿದರೆ ಎರಡು ಗಂಟೆ ಸುಲಭವಾಗಿ ದಾಟುತ್ತದೆ.

ಲಕ್ವಾ ಹೊಡೆದರೆ ತದ್ವಿರುದ್ಧ. ಸಿಟಿ ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ನಿಂತರೆ ಬರೀ ಹೊತ್ತು ಹಾಳು. ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ, ಅದೂ ತಲೆಯಲ್ಲಿ ರಕ್ತಸ್ರಾವ ಇಲ್ಲವೆಂದು ಸಿಟಿಯಲ್ಲಿ ಕಂಡ ಮೇಲೆ. ಹೆದ್ದಾರಿ ಅಪಘಾತದಲ್ಲಿ ತಲೆಗೆ ಪೆಟ್ಟಾದವರಿಗೆ ನ್ಯೂರೋ ಸರ್ಜನ್ ಇರುವ ಜಾಗ ಬೇಕು. ಉಸಿರು ಕಟ್ಟುತ್ತಿದ್ದರೆ, ರಕ್ತ ಸುರಿಯುತ್ತಿದ್ದರೆ ಮಾತ್ರ ದಾರಿಯಲ್ಲಿ ನಿಂತು ಅದನ್ನು ಸರಿಪಡಿಸಿಕೊಂಡು ಮುಂದೆ ಹೋಗಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಬ್ಲಡ್ ಬ್ಯಾಂಕ್ ಒಳಗೇ ಇರುವ ಆಸ್ಪತ್ರೆ. ನವಜಾತ ಶಿಶುವಿಗೆ, ಸಣ್ಣ ಮಕ್ಕಳಿಗೆ ದೊಡ್ಡವರ ಐಸಿಯು ಪ್ರಯೋಜನಕ್ಕೆ ಬಾರದು.

ಗಾಡಿ ಹತ್ತುವ ಮೊದಲು

108 ಆಂಬುಲೆನ್ಸುಗಳಲ್ಲಿ ಎಲ್ಲದರಲ್ಲೂ ವೆಂಟಿಲೇಟರ್ ಇರುವುದಿಲ್ಲ. ನಳಿಕೆ ಹಾಕಿದ ರೋಗಿಗೆ ವೆಂಟಿಲೇಟರ್ ಇರುವ ಎಎಲ್‌ಎಸ್ ಗಾಡಿಯೇ ಬೇಕೆಂದು ಕೇಳಿ. ಖಾಸಗಿ ಗಾಡಿಯಾದರೆ ಸಿಲಿಂಡರ್ ನೋಡಿಕೊಳ್ಳಿ. ಬಿ ಟೈಪ್ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಹೋದರೆ ನೂರು ನಿಮಿಷಕ್ಕೆ ಮುಗಿಯಿತು. ಹಾವೇರಿಯಿಂದ ಹೊರಟು ದಾರಿಯಲ್ಲಿ ಗಾಡಿ ನಿಂತರೆ ಅದು ಸಾಲದು, ಎರಡನೆಯದು ಜೊತೆಗಿರಲಿ. ಜೊತೆಗೆ ಬರುವ ನರ್ಸ್ ಅಥವಾ ತಂತ್ರಜ್ಞರಿಗೆ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತಲು ಬರಬೇಕು.

ಕಳಿಸುವ ಡಾಕ್ಟರಿಂದ ಒಪ್ಪಿಕೊಳ್ಳುವ ಡಾಕ್ಟರಿಗೆ ಫೋನ್ ಆಗಲೇಬೇಕು. "ಸರ, ನೀವು ಒಂದ ಮಾತ ಹುಬ್ಬಳ್ಳಿ ಡಾಕ್ಟ್ರ ಜೋಡಿ ಮಾತಾಡ್ರಿ" ಎಂದು ಕೈಮುಗಿದಾದರೂ ಕೇಳಿ. ಆ ಐದು ನಿಮಿಷದ ಮಾತು, ಮೂರು ಆಸ್ಪತ್ರೆಯ ಬಾಗಿಲು ತಟ್ಟುವುದನ್ನು ತಪ್ಪಿಸುತ್ತದೆ.

ದುಡ್ಡು

ಐಸಿಯು ಬಿಲ್ ಎಂದರೆ ಬೆಡ್ ಚಾರ್ಜ್ ಅಷ್ಟೇ ಎಂದುಕೊಂಡವರು ಮೂರನೆಯ ದಿನ ಕಂಗಾಲಾಗುತ್ತಾರೆ. ವೆಂಟಿಲೇಟರ್, ಮಾನಿಟರ್, ಡಾಕ್ಟರ ಭೇಟಿ, ಲ್ಯಾಬ್, ಔಷಧಿ, ಗ್ಲೌಸು, ನಳಿಕೆ ಎಲ್ಲ ಬೇರೆ ಬೇರೆ ಬೀಳಬಹುದು. ಹೋಲಿಸುವಾಗ ದಿನದ ಬೆಡ್ ದರ ಕೇಳಬೇಡಿ, "ವೆಂಟಿಲೇಟರ್ ಪೇಷಂಟಿಗೆ ಔಷಧಿ ಹಿಡದು ದಿನಕ್ಕ ಸುಮಾರು ಎಷ್ಟ ಆಗ್ತೈತಿ?" ಎಂದು ಕೇಳಿ, ಪ್ರತಿ ದಿನದ ಲೆಕ್ಕ ಸಂಜೆ ತೋರಿಸಿ ಎನ್ನಿ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಯೋಜನೆ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಖಾಸಗಿಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಪಟ್ಟಿಯಲ್ಲಿರುವ ತುರ್ತು ಕಾಯಿಲೆಗಳಿಗೆ ಬೇಡ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಹುಡುಕಿ ಮೊದಲ ದಿನವೇ ಮಾತಾಡಿ, ಸ್ವಂತ ದುಡ್ಡು ಕಟ್ಟಿದ ಮೇಲೆ ಯೋಜನೆಗೆ ತಿರುಗಿಸುವುದು ಕಷ್ಟ. ಖಾಸಗಿ ವಿಮೆಯ ಹಳೆಯ ಪಾಲಿಸಿಗಳಲ್ಲಿ ಐಸಿಯುಗೆ ದಿನಕ್ಕೆ ವಿಮಾ ಮೊತ್ತದ ಶೇ 2 ಎಂಬ ಮಿತಿ ಇರುವುದುಂಟು: 3 ಲಕ್ಷದ ಪಾಲಿಸಿಗೆ 6,000 ರೂಪಾಯಿ.

ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ಕರ್ನಾಟಕದ ಕೆಪಿಎಂಇ ಕಾಯ್ದೆ 2007ರದು, 2017ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಖಾಸಗಿ ಆಸ್ಪತ್ರೆ ದರಪಟ್ಟಿ ಹಾಕಬೇಕು, ತುರ್ತಿನಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಬಾಕಿಗಾಗಿ ಮೃತದೇಹ ಹಿಡಿದಿಟ್ಟುಕೊಳ್ಳುವಂತಿಲ್ಲ.

ಐಸಿಯು ಬೇಡ ಎನ್ನುವ ಹಕ್ಕು

ಮೇಲೆ ಹೇಳಿದ ಕೇಂದ್ರದ ಮಾರ್ಗಸೂಚಿಯೇ ರೋಗಿ ಅಥವಾ ಮನೆಯವರು ಒಪ್ಪದಿದ್ದರೆ ಐಸಿಯುಗೆ ಸೇರಿಸಬಾರದು ಎನ್ನುತ್ತದೆ. ಗುಣವಾಗುವ ದಾರಿಯಿಲ್ಲದ ಕೊನೆಯ ಹಂತದ ಕಾಯಿಲೆಯಲ್ಲಿ ಅಜ್ಜನಿಗೆ ನೋವಿಲ್ಲದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಹೊಲ ಮಾರಿ ಮಷಿನ್ ಹಚ್ಚಿಸದಿದ್ದರೆ ಜನ ಏನಂದಾರು ಎಂಬ ಅಂಜಿಕೆಯಿಂದ ತೀರ್ಮಾನ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಜೀವಾಧಾರ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೋರಿಸಿತು, 2023ರಲ್ಲಿ ಅದನ್ನು ಸರಳ ಮಾಡಿತು, ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರಂತೆ ಸುತ್ತೋಲೆ ಹೊರಡಿಸಿತು. ಅದಕ್ಕೆ ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳ ಒಪ್ಪಿಗೆ ಬೇಕು.

ವಾಪಸ್ ಊರ ಕಡೆಗೆ

ಹುಬ್ಬಳ್ಳಿಯಲ್ಲಿ ಕಷ್ಟದ ದಿನಗಳು ಕಳೆದು, ಬಿಪಿ ಔಷಧಿ ನಿಂತು, ಕುತ್ತಿಗೆಯಲ್ಲಿ ಉಸಿರಾಡಲು ಹಾಕಿದ ಟ್ರೇಕಿಯೋಸ್ಟಮಿ ನಳಿಕೆ ಒಂದು ಉಳಿದಿದ್ದರೆ, ರೋಗಿಯನ್ನು ಹಾವೇರಿ ಅಥವಾ ಗದಗದ ಜಿಲ್ಲಾ ಮಟ್ಟದ ಆಸ್ಪತ್ರೆಗೆ ತರುವುದನ್ನು ಯೋಚಿಸಿ. ನಮ್ಮವರಲ್ಲಿ ಇದನ್ನು ಕೇಳುವವರೇ ಇಲ್ಲ. ಮನೆಯವರು ಲಾಡ್ಜಿನಲ್ಲಿ, ಆಸ್ಪತ್ರೆ ಮೆಟ್ಟಿಲ ಮೇಲೆ ವಾರಗಟ್ಟಲೆ ಇರುವುದು ತಪ್ಪುತ್ತದೆ, ದೊಡ್ಡ ಐಸಿಯುವಿನಲ್ಲಿ ಮತ್ತೊಬ್ಬರಿಗೆ ಬೆಡ್ ಸಿಗುತ್ತದೆ. ಹೊರಡುವಾಗ ಡಿಸ್ಚಾರ್ಜ್ ಸಾರಾಂಶ, ಈಗ ನಡೆಯುತ್ತಿರುವ ಆ್ಯಂಟಿಬಯಾಟಿಕ್ ಎಷ್ಟನೆಯ ದಿನ, ಯಾವ ರೋಗಾಣು ಎಂದು ತಿಳಿಸುವ ಕಲ್ಚರ್ ವರದಿ, ನಳಿಕೆಯ ಅಳತೆ ಮತ್ತು ಬದಲಿಸಬೇಕಾದ ದಿನ, ಬೆನ್ನಿನ ಮೇಲೆ ಹುಣ್ಣಾಗಿದೆಯೇ ಎಂಬುದು, ಮತ್ತೆ ಕೆಟ್ಟರೆ ಫೋನ್ ಮಾಡಬೇಕಾದ ವಿಭಾಗದ ನಂಬರ್ ಇವಿಷ್ಟನ್ನು ಬರೆಸಿಕೊಳ್ಳಿ. ಕಫ ತೆಗೆಯುವುದನ್ನು ಮನೆಯ ಒಬ್ಬರಿಗೆ ಕಲಿಸಿ ಕಳಿಸಿ ಎಂದು ಅಲ್ಲಿಯ ಸಿಸ್ಟರ್‌ಗೆ ಮೊದಲೇ ಹೇಳಿ. ಕಲಿಯಲು ಎರಡು ಮೂರು ದಿನ ಬೇಕಾಗುತ್ತದೆ, ಡಿಸ್ಚಾರ್ಜ್ ದಿನ ಬೆಳಿಗ್ಗೆ ಕೇಳಿದರೆ ಆಗುವುದಿಲ್ಲ.